ಹೊರಗಿನ ಸೊಸೆ

ರತ್ನವ್ವನಿಗೆ ದವಾಖಾನೆಯಲ್ಲಿ ಸುಳ್ಳು ಹೇಳುವುದು ಹೊಸದಲ್ಲ. ಹಾಗಂತ ಆಕೆ ಸುಳ್ಳುಗಾತಿಯೇನಲ್ಲ. ಇಳಕಲ್ಲಿನ ಅವರ ಓಣಿಯಲ್ಲಿ ನೂಲಿನ ತೂಕದ ಬಗ್ಗೆ ಜಗಳ ಎದ್ದರೆ ಜನ ಆಕೆಯನ್ನೇ ಕರೆದು ನ್ಯಾಯ ಕೇಳುತ್ತಿದ್ದರು. ಆದರೆ ಬಿಳಿ ಕೋಟು ಕಂಡರೆ ಸಾಕು, ಪಕ್ಕದಲ್ಲಿ ಕೂತ ಮಹಾನಂದಾಳತ್ತ ಕೈ ಮಾಡಿ, "ಸೊಸಿ ಅದಾಳ್ರಿ. ಹೊರಗಿಂದ ತಂದಾಕಿ" ಎಂದುಬಿಡುತ್ತಿದ್ದಳು.

ಹೊರಗಿನಿಂದ ಎಲ್ಲಿ ತಂದದ್ದು? ಮಹಾನಂದಾ ಆಕೆಯ ಹಿರಿಯ ಮಗಳು ಗುರುಲಿಂಗವ್ವನ ಮಗಳು. ಗುರುಲಿಂಗವ್ವನನ್ನು ಬೇವೂರಿಗೆ ಕೊಟ್ಟಿದ್ದರು. ಆಕೆ ಹೆಣ್ಣು ಹಡೆದಾಗ ರತ್ನವ್ವ ತೊಟ್ಟಿಲ ಮುಂದೆ ನಿಂತು, "ಇದು ನಮ್ಮ ಶಿವಪುತ್ರನ ಹೇಣ್ತಿ, ಮತ್ತ ಯಾರಿಗೂ ಮಾತು ಕೊಡಬ್ಯಾಡ್ರಿ" ಎಂದು ಹೇಳಿ ಬಂದಿದ್ದಳು. ಶಿವಪುತ್ರ ಗುರುಲಿಂಗವ್ವನ ಕಿರಿಯ ತಮ್ಮ, ಆಗಿನ್ನೂ ಚಡ್ಡಿ ಹಾಕುವ ಹುಡುಗ. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಆ ಕಡೆ ಎಷ್ಟು ರೂಢಿಯೆಂದರೆ, ಅದು ಕೇಳುವ ಮಾತೂ ಅಲ್ಲ, ಹೇಳುವ ಮಾತೂ ಅಲ್ಲ. ಹೀಗಾಗಿ ಮಹಾನಂದಾ ಮದುವೆಯಾಗಿ ಬಂದದ್ದು ತನ್ನ ಅಜ್ಜಿಯ ಮನೆಗೇ. ಅತ್ತೆಯಾದ ಅಜ್ಜಿಯನ್ನು ಮೊದಲಿನಂತೆ ಆಯಿ ಎಂದಳು, ಗಂಡನನ್ನು ಮೊದಲಿನಂತೆ ಮಾಮಾ ಎಂದಳು. ಆಕೆಯ ಮಗಳು ಶ್ರುತಿಯೂ ರತ್ನವ್ವನಿಗೆ ಆಯಿ ಎಂದಳು. ತಾಯಿಗೂ ಆಯಿ, ಮಗಳಿಗೂ ಆಯಿ. ಮನೆಯಲ್ಲಿ ಯಾರಿಗೂ ಇದು ವಿಚಿತ್ರ ಅನಿಸಿರಲಿಲ್ಲ.

ಸುಳ್ಳು ಶುರುವಾದದ್ದು ಶ್ರುತಿಯ ಬೆನ್ನಿಗೆ ಹುಟ್ಟಿದ ಗಂಡುಕೂಸು ತೀರಿಕೊಂಡಾಗ. ಆಗ ಯಾವನೋ ಒಬ್ಬ ಡಾಕ್ಟರು ವಾರ್ಡಿನ ಮಂದಿಗೆಲ್ಲ ಕೇಳುವಂತೆ, "ಮನ್ಯಾಗಿಂದ ಮನ್ಯಾಗ ಕೊಡೂದು, ತಗೊಳ್ಳೂದು. ಆಮ್ಯಾಲ ಕೂಸು ಸತ್ತಾಗ ನಮ್ಮ ಮುಂದ ಬಂದು ಅಳೂದು. ಇಂಥಾ ಮುದುಕೇರನ್ನ ಮೊದಲ ಜೇಲಿಗೆ ಹಾಕಬೇಕು" ಎಂದಿದ್ದ. ಕೂಸಿನ ಹೆಣ ಇನ್ನೂ ರತ್ನವ್ವನ ತೊಡೆಯ ಮೇಲಿತ್ತು. ಪಕ್ಕದ ಮಂಚದವರು ಆಕೆಯನ್ನೇ ನೋಡುತ್ತಿದ್ದರು. ಅಂದಿನಿಂದ ದವಾಖಾನೆಯ ಮೆಟ್ಟಿಲು ಹತ್ತಿದರೆ ಮಹಾನಂದಾ ಆಯಿ ಎನ್ನಬಾರದು, ಅತ್ತಿ ಎನ್ನಬೇಕು. ಮಾಮಾ ಎನ್ನಬಾರದು, ಸುಮ್ಮನೆ ಏನ್ರಿ ಎನ್ನಬೇಕು. ಮಹಾನಂದಾಳಿಗೆ ಅದು ರೂಢಿಯಾಯಿತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಮಹಾನಂದಾಳ ಎಡ ಎದೆಯಲ್ಲಿ ಗಂಟು ಇದೆಯೆಂದು ಮನೆಗೆ ಗೊತ್ತಾಯಿತು. ಆಕೆಗೆ ಅದಕ್ಕೂ ಮೊದಲೇ ಗೊತ್ತಿತ್ತು. ಮಗ್ಗದ ಮೇಲಿನ ಉದ್ದೆಳೆಯ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸುವುದು ಆಕೆಯ ಕೆಲಸ. ಎಡಗೈ ಎತ್ತಲಾಗದೆ ಆಕೆ ನಡುನಡುವೆ ನಿಲ್ಲಿಸುವುದನ್ನು ಶಿವಪುತ್ರನೇ ನೋಡಿ ಕೇಳಿದ. ಬಾಗಲಕೋಟೆಯ ನವನಗರದ ದವಾಖಾನೆಯಲ್ಲಿ ಎದೆ ತೆಗೆದರು. ಆಮೇಲೆ ನರಕ್ಕೆ ಔಷಧ ಹಾಕಿಸಿಕೊಂಡು ಬರುವುದು ಶುರುವಾಯಿತು. ಕೂದಲು ಉದುರಿತು. ಶ್ರುತಿ ಹುನಗುಂದದ ಕಾಲೇಜು ಬಿಟ್ಟು ರೊಟ್ಟಿ ಬಡಿಯಲು ಕೂತಳು. ಮೊದಮೊದಲು ಹರಿಯುತ್ತಿದ್ದ ರೊಟ್ಟಿ ಬರಬರುತ್ತ ದುಂಡಗಾಯಿತು. ಯಾರೂ ಚಲೋ ಆಗೇತಿ ಎನ್ನಲಿಲ್ಲ, ಯಾರೂ ಕೆಟ್ಟಿದೆ ಎಂದೂ ಅನ್ನಲಿಲ್ಲ. ಉಂಡು ಏಳುತ್ತಿದ್ದರು.

ಗುರುಲಿಂಗವ್ವ ಸತ್ತದ್ದೂ ಇದರಿಂದಲೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳ ಮದುವೆ ಮಾಡಿ ವರ್ಷ ಕಳೆದಿರಲಿಲ್ಲ, ಎದೆಯ ಹುಣ್ಣಾಗಿ ತವರಿಗೆ ಬಂದು ಮಲಗಿದವಳು ಏಳಲಿಲ್ಲ. ಆಕೆಯ ಫೋಟೋ ಪಡಸಾಲೆಯ ಗೋಡೆಯ ಮೇಲಿತ್ತು. ಪ್ರತಿವರ್ಷ ಆಕೆ ಸತ್ತ ದಿನ ರತ್ನವ್ವ ಮನೆಯ ಮಗ್ಗದಿಂದ ಇಳಿದ ಒಂದು ಸೀರೆಯನ್ನು ಆ ಫೋಟೋದ ಮುಂದಿಟ್ಟು ಎಡೆ ಹಿಡಿಯುತ್ತಿದ್ದಳು. ಆದರೆ ಆ ಸಾವಿಗೂ ಈ ಗಂಟಿಗೂ ಸಂಬಂಧ ಹಚ್ಚಿ ಯಾರೂ ಮಾತಾಡಲಿಲ್ಲ.

ದಸರೆಯಾದ ಮೇಲೆ ಆ ವಾರ್ಡಿಗೆ ಹೊಸ ಡಾಕ್ಟರಮ್ಮ ಬಂದಳು. ಐಶ್ವರ್ಯ ಎಂದು ಹೆಸರು, ಮೈಸೂರು ಕಡೆಯವಳು. ಔಷಧ ಕೊಡುವವಳಲ್ಲ, ರಕ್ತ ಕೇಳುವವಳು.

"ಈ ಕಾಯಿಲೆ ಕೆಲವು ಮನೆಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತಮ್ಮ" ಎಂದು ಆಕೆ ಸ್ಟೂಲಿನ ಮೇಲೆ ಕೂತು ಹೇಳಿದಳು. "ಯಾರಿಗೆ ಬರಬಹುದು, ಯಾರಿಗೆ ಯಾವ ಔಷಧ ನಾಟುತ್ತೆ ಅಂತ ಹೊರದೇಶದವರು ಅವರ ಜನರ ರಕ್ತ ಪರೀಕ್ಷೆ ಮಾಡಿ ತಿಳ್ಕೊಂಡಿದ್ದಾರೆ. ನಿಮ್ಮ ಕಡೆಯವರ ರಕ್ತ ಇದುವರೆಗೂ ಯಾರೂ ನೋಡಿಲ್ಲ. ಅವರ ಲೆಕ್ಕ ನಮಗೆ ಹೊಂದುತ್ತೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ನಾವು ಬಂದಿರೋದು."

"ಅಕಿಗೆ ಅದರಿಂದ ಆರಾಮ ಆಗ್ತೈತೇನ್ರಿ?" ಎಂದ ಶಿವಪುತ್ರ.

"ಅವರಿಗೆ ಈಗಲೇ ಆಗುತ್ತೆ ಅಂತ ಸುಳ್ಳು ಹೇಳಲ್ಲ. ನಿಮ್ಮ ಮಗಳಿಗೆ ಉಪಯೋಗ ಆಗುತ್ತೆ. ರಕ್ತದಲ್ಲಿ ಬಂದಿದ್ದರೆ ಅವಳನ್ನ ಈಗಿನಿಂದಲೇ ವರ್ಷ ವರ್ಷ ತಪಾಸಣೆ ಮಾಡಬೇಕು. ಮೊದಲೇ ಸಿಕ್ಕರೆ ಉಳಿಸಬಹುದು."

ಮಹಾನಂದಾಳ ರಕ್ತ ತೆಗೆದರು. ಜೊತೆಗೆ ಸಂಬಂಧವಿಲ್ಲದ, ಆರೋಗ್ಯವಂತ, ಇದೇ ಕಡೆಯ ಇನ್ನೊಬ್ಬರ ರಕ್ತವೂ ಬೇಕಿತ್ತು, ಹೋಲಿಸಿ ನೋಡಲು. ಹೆಚ್ಚಾಗಿ ಗಂಡಂದಿರದನ್ನೇ ತೆಗೆದುಕೊಳ್ಳುತ್ತೇವೆ ಎಂದಳು ಡಾಕ್ಟರಮ್ಮ. "ನಿಮ್ಮದು ಒಳಸಂಬಂಧ ಏನಾದರೂ ಇದೆಯಾ? ಮದುವೆಗೆ ಮೊದಲೇ ನೆಂಟರಾ?"

ಶಿವಪುತ್ರ ಅವ್ವನ ಮುಖ ನೋಡಿದ. ಮಗ್ಗದ ಕುಣಿಯ ತಗ್ಗಿನಲ್ಲಿ ಕಾಲಿಳಿಸಿ ಕೂತರೆ ಕೈ, ಕಾಲು, ಬಾಯಿ ಮೂರೂ ಆಡಿಸುವ ಗಂಡಸು, ಅವ್ವ ಎದುರಿಗಿದ್ದರೆ ಒಂದನ್ನೂ ಆಡಿಸುವವನಲ್ಲ.

"ಇಲ್ರಿ" ಎಂದಳು ರತ್ನವ್ವ. "ಹೊರಗಿನ ಸಂಬಂಧ. ಬೇವೂರಿಂದ ತಂದೇವಿ."

"ಇವರ ತಾಯಿ?"

"ಇಲ್ರಿ. ಹೋಗ್ಯಾರ."

"ಯಾವ ಕಾಯಿಲೆ?"

ಮಂಚದ ಮೇಲೆ ಮಹಾನಂದಾ ಕಣ್ಣು ಮುಚ್ಚಿ ಮಲಗಿದ್ದಳು. ಬಾಯಿ ತೆರೆದರೆ ವಾಂತಿ ಬರುವಂತಿತ್ತು. ರತ್ನವ್ವ ಸೆರಗು ಸರಿ ಮಾಡಿಕೊಂಡಳು.

"ಅಕಿನೂ ಇದರಾಗ ಹೋದ್ಲಂತ್ರಿ. ನಮಗೇನು ಗೊತ್ತು, ಹಂಗಂತ ಹೇಳ್ತಾರ."

"ನಿಮ್ಮ ಕಡೆ ಯಾರಿಗಾದರೂ?"

"ನಮ್ಮ ಕಡಿ ಯಾರಿಗೂ ಇಲ್ರಿ."

ಶಿವಪುತ್ರನ ತೋಳಿಗೆ ರಬ್ಬರು ಕಟ್ಟಿದರು. ಊರಿಗೆ ಮರಳುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸು ಮಹಾನಂದಾಳ ಬೋಳುತಲೆ ನೋಡಿ, "ಸೊಸಿ ಏನವ್ವಾ?" ಎಂದು ಮರುಗಿದಳು. "ಹೂಂ, ಸೊಸಿ" ಎಂದಳು ರತ್ನವ್ವ. ಆಕೆಯ ಮುಖದಲ್ಲಿ ಏನೂ ಇರಲಿಲ್ಲ.

ಸಂಕ್ರಾಂತಿಯ ಸಜ್ಜೆರೊಟ್ಟಿ ಮುಗಿದ ಮೇಲೆ ಔಷಧಕ್ಕೆಂದು ಮತ್ತೆ ಬಾಗಲಕೋಟೆಗೆ ಹೋದಾಗ ಫಲಿತಾಂಶ ಬಂದಿತ್ತು. ಆ ಸಲ ರತ್ನವ್ವ ಹೋಗಿರಲಿಲ್ಲ. ಮಹಾನಂದಾಳ ಕೈಗೆ ಔಷಧ ಹನಿಯುತ್ತಿರುವಾಗ ಡಾಕ್ಟರಮ್ಮ ಶಿವಪುತ್ರನನ್ನೂ ಶ್ರುತಿಯನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದಳು.

"ಅವರ ರಕ್ತದಲ್ಲಿ ಒಂದು ಗುರುತು ಸಿಕ್ಕಿತ್ತು. ಹೊರದೇಶದ ಪಟ್ಟಿಯಲ್ಲಿ ಅದು ಇಲ್ಲ. ರೋಗದ್ದೇ ಇರಬೇಕು ಅಂತ ನಮಗೂ ಭಯ ಆಗಿತ್ತು. ಆದರೆ ನೋಡಿ, ಅದೇ ಗುರುತು ನಿಮ್ಮಲ್ಲೂ ಇದೆ. ನೀವು ಬೇರೆ ಮನೆಯವರು, ಗಟ್ಟಿಮುಟ್ಟಾಗಿದ್ದೀರಿ. ಅಂದರೆ ಅದು ನಿಮ್ಮ ಕಡೆಯ ಜನರಲ್ಲಿ ಸುಮ್ಮನೆ ಇರೋ ಗುರುತು, ಕೆಲವರಿಗೆ ಗಲ್ಲದ ಮೇಲೆ ಮಚ್ಚೆ ಇರುತ್ತಲ್ಲ, ಹಾಗೆ. ಸದ್ಯಕ್ಕೆ ಶ್ರುತಿಗೆ ಗಾಬರಿ ಪಡೋ ಕಾರಣ ಇಲ್ಲ."

ಬರುವಾಗ ಶಿವಪುತ್ರ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡ. ಸುದ್ದಿ ಕೇಳಿ ರತ್ನವ್ವ ಕಡಲೆಬೇಳೆ ನೆನೆಯಿಟ್ಟಳು. ಎಷ್ಟೋ ತಿಂಗಳ ಮೇಲೆ ಆ ಮನೆಯ ಒಲೆಯ ಮೇಲೆ ಹೂರಣ ಕುದಿಯಿತು. ಪಕ್ಕದ ಮನೆಯ ಶಮಶಾದಬಿಗೂ ಒಂದು ತಾಟು ಹೋಳಿಗೆ ಹೋಯಿತು. ಮಹಾನಂದಾ ತನ್ನ ಹೋಳಿಗೆಯನ್ನು ಮುರಿದು, ತುಪ್ಪ ಅಂಚಿಗೆ ಹರಿಯುವುದನ್ನು ನೋಡುತ್ತ ಕೂತಳು.

"ಉಣ್ಣು" ಎಂದಳು ರತ್ನವ್ವ.

"ಮಾಮಾನ ರಕ್ತ ಹೊರಗಿಂದಂತ ಹೇಳೇ ತಗೊಂಡಾರಲ್ಲ, ಆಯಿ?"

"ಮತ್ತ?"

"ಮಾಮಾ ಹೊರಗಿನವ ಹೆಂಗಾಗ್ತಾನ? ನಮ್ಮವ್ವ, ಮಾಮಾ ಇಬ್ಬರೂ ನಿನ್ನ ಹೊಟ್ಟ್ಯಾಗ ಹುಟ್ಟ್ಯಾರ. ನಮ್ಮವ್ವಗ ಇದ್ದದ್ದು ನನಗ ಬಂತು. ಅದ ಮಾಮಾಗೂ ಬಂದಿದ್ರ ಏನ ಆಶ್ಚರ್ಯ?"

ಶ್ರುತಿ ಬಡಿಸುತ್ತಿದ್ದವಳು ನಿಂತಳು. ಕೈಯಲ್ಲಿ ಕಟ್ಟಿನ ಸಾರಿನ ಸೌಟಿತ್ತು. "ಅಂದ್ರ ಏನವ್ವಾ? ನನಗ ಏನಿಲ್ಲ ಅಂದದ್ದು ಖರೆ ಅಲ್ಲೇನು?"

"ಗೊತ್ತಿಲ್ಲ, ತಂಗಿ. ಅವರಿಗೆ ಖರೆ ಗೊತ್ತಿದ್ರ ಬ್ಯಾರೆ ಹೇಳ್ತಿದ್ರು."

"ಉಣ್ಣೂ ಮುಂದ ಇದ ಮಾತು ಬೇಕೇನು?" ಎಂದ ಶಿವಪುತ್ರ.

"ಯಾವಾಗ ಬೇಕು ಮತ್ತ? ನಾ ಹೋದ ಮ್ಯಾಲೇನು?" ಮಹಾನಂದಾಳ ದನಿ ಏರಲಿಲ್ಲ. "ಆಯಿ, ಆ ಡಾಕ್ಟರ್ ಬಾಯಾರಿಗೆ ಖರೆ ಹೇಳಬೇಕು."

"ಹೇಳಿ ಏನಾಗಬೇಕು?" ಎಂದಳು ರತ್ನವ್ವ. "ಚಲೋ ಸುದ್ದಿ ಬಂದೈತಿ. ಮನಿಗೆ ಬಂದ ಚಲೋ ಸುದ್ದಿನ್ನ ಯಾರರ ಹೊಳ್ಳಿ ಕಳಸ್ತಾರೇನು? ಹುಡುಗಿ ಲಗ್ನದ ವಯಸ್ಸಿಗೆ ಬಂದಾಳ. ಮನಿ ಮಾತು ಹೊಸ್ತಿಲಾ ದಾಟಬಾರದು."

"ಲಗ್ನಾ ಮಾಡಿ ವರ್ಷದಾಗ ನಮ್ಮವ್ವನೂ ಹೋದ್ಲು."

"ಬಾಯಿ ಬಿಡಬ್ಯಾಡ!" ರತ್ನವ್ವ ತಾಟು ದೂಡಿ ಎದ್ದಳು. "ಎಲ್ಲಾ ನನ್ನ ತಲಿ ಮ್ಯಾಲ ಬರ್ತೈತಿ. ಮಗಳನ್ನ ತಿಂದಾಕಿ ನಾನ, ಮೊಮ್ಮಗಳನ್ನ ತಿಂದಾಕಿ ನಾನ, ಈಗ ಇಕಿನ್ನೂ ನಾನ ತಿಂತೇನಿ ಅನ್ನಸ್ತಿ ಏನು ಅವರ ಕಡೆ?"

ಉಳಿದ ಹೋಳಿಗೆಯನ್ನು ಶ್ರುತಿ ಡಬ್ಬಿಗೆ ಹಾಕಿದಳು. ಅದನ್ನು ಎರಡು ದಿನ ಯಾರೂ ಮುಟ್ಟಲಿಲ್ಲ, ಮೂರನೆಯ ದಿನ ಎಮ್ಮೆಗೆ ಹೋಯಿತು.

ಹೋಳಿಗೆಯ ಮಾರನೆಯ ಮುಂಜಾನೆಯಿಂದಲೇ ಮಹಾನಂದಾ ರತ್ನವ್ವನನ್ನು ಆಯಿ ಎನ್ನುವುದನ್ನು ಬಿಟ್ಟಳು.

ಜಗಳವೇನಿಲ್ಲ, ಸಿಟ್ಟೂ ತೋರಿಸಲಿಲ್ಲ. "ಅತ್ತೀಯವರ, ನೀರು ಬಂದಾವ್ರಿ." "ಅತ್ತೀಯವರ, ನಿಮ್ಮ ಚಾ ಆರಾಕತ್ತೈತ್ರಿ." ಬಹುವಚನ ಬೇರೆ. ರತ್ನವ್ವ ಮೊದಲ ದಿನ ಕೇಳಿಸದವಳಂತೆ ಇದ್ದಳು. ಎರಡನೆಯ ದಿನ, "ಏನ ನಾಟಕ ಹಚ್ಚಿ?" ಎಂದಳು.

"ನಾಟಕ ಏನ್ರಿ. ನೀವ ಕಲಿಸಿದ್ದು. ಹೊರಗಿನ ಸೊಸಿ ಅತ್ತಿಗೆ ಅತ್ತಿ ಅನ್ನಬೇಕಲ್ರಿ."

ಮಾತು ಬಂದಾಗಿನಿಂದ ಆಯಿ ಎಂದೇ ಕರೆದ ಹುಡುಗಿ ಈಗ ಹೀಗೆನ್ನುತ್ತಿದ್ದಳು. ಆದರೂ ಮುದುಕಿ ಸೋಲಲಿಲ್ಲ. "ಅನ್ನು, ಅನ್ನು" ಎಂದು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ರಾಟಿಯ ಮುಂದೆ ಕೂತಳು. ಶಿವಪುತ್ರ ಇಬ್ಬರ ನಡುವೆ ಬಾಯಿ ಹಾಕಲಿಲ್ಲ, ಮಗ್ಗದ ಕುಣಿಗೆ ಇಳಿದ. ಲಾಳಿ ಓಡಾಡುವ ಸದ್ದು ಒಂದೇ ಮನೆಯಲ್ಲಿ ಕೇಳುತ್ತಿತ್ತು.

ಮಾಘದಲ್ಲಿ ಗುರುಲಿಂಗವ್ವ ಸತ್ತ ದಿನ ಬಂತು. ರತ್ನವ್ವ ಮಿಂದು, ಗೋದಿ ಬೆಲ್ಲದ ಮಾದಲಿ ಮಾಡಿ, ಕೆಂಪು ಸೆರಗಿನ ಹೊಸ ಸೀರೆಯನ್ನು ಮಡಿಚಿ ಪಡಸಾಲೆಗೆ ತಂದಳು. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಮೊಳೆ ಇತ್ತು, ಫೋಟೋ ಇದ್ದಷ್ಟು ಜಾಗದಲ್ಲಿ ಸುಣ್ಣ ಬೆಳ್ಳಗಿತ್ತು.

"ಫೋಟೋ ಎಲ್ಲಿ?"

ಮಹಾನಂದಾ ಕೋಣೆಯ ಬಾಗಿಲಿಗೆ ಆತು ಕೂತಿದ್ದಳು. "ನನ್ನ ಟ್ರಂಕಿನ್ಯಾಗ ಐತ್ರಿ."

"ತಾ ಇಲ್ಲಿ. ಎಡಿ ಆರತೈತಿ."

"ಯಾಕ್ರಿ? ಅಕಿ ನಿಮಗೇನಾಗಬೇಕು? ಬೇವೂರಿನಾಕಿ. ಇದರಾಗ ಹೋದ್ಲಂತ, ನಿಮಗೇನು ಗೊತ್ತು." ಆಕೆ ಅತ್ತೆಯ ಮಾತನ್ನು ಅತ್ತೆಗೇ ತಿರುಗಿ ಹೇಳಿದಳು. "ಆ ದಿನ ನಾ ನಿದ್ದಿ ಮಾಡಿದ್ದಿಲ್ಲ. ಎಲ್ಲಾ ಕೇಳೇನಿ. ನಿಮ್ಮ ಕಡಿ ಯಾರಿಗೂ ಇಲ್ಲ ಅಂದ್ರಿ. ನಮ್ಮವ್ವ ನಿಮ್ಮ ಕಡಿಯಾಕಿ ಅಲ್ಲಂದ್ರ ನನ್ನ ಕಡಿಯಾಕಿ. ನಾ ಇರೂತನಕ ನನ್ನ ಹತ್ರ ಇರ್ಲಿ."

ರತ್ನವ್ವ ಸೀರೆ ಹಿಡಿದು ನಿಂತೇ ಇದ್ದಳು. ಕೊನೆಗೆ ಬರೀ ಮೊಳೆಯ ಕೆಳಗೆ ಸೀರೆ ಇಟ್ಟು, ಎಡೆ ಇಟ್ಟು, ಒಳಗೆ ಹೋದಳು.

ಅದಾದ ಕೆಲವು ದಿನಕ್ಕೆ ಒಂದು ಮುಂಜಾನೆ ಶ್ರುತಿ ಬಚ್ಚಲಿಗೆ ಹೋದವಳು ಹೊರಗೆ ಬರಲೇ ಇಲ್ಲ. ಹಂಡೆಯ ನೀರು ಆರುತ್ತಿತ್ತು. ರೊಟ್ಟಿಗೆ ಹಿಟ್ಟು ಕಲಸಬೇಕು, ಶಿವಪುತ್ರ ಹಸಿದಿದ್ದಾನೆ. ಇತ್ತೀಚೆಗೆ ದಿನವೂ ಇದೇ ಆಟ. ರತ್ನವ್ವ ಬಾಗಿಲು ಬಡಿದಳು.

"ಏನ ಮಾಡಾಕತ್ತಿ ಒಳಗ? ಮದಲಗಿತ್ತಿಗೆ ಎಣ್ಣಿ ಹಚ್ಚಾಕತ್ತಾರೇನು? ಲಗೂ ಬಾ!"

"ಗಂಟು ಹುಡುಕಾಕತ್ತೇನಿ, ಆಯಿ" ಎಂದಳು ಶ್ರುತಿ ಒಳಗಿನಿಂದ.

ಅಳುವ ದನಿಯಲ್ಲ. ಬಿದ್ದ ಸೂಜಿಯನ್ನು ಹುಡುಕುತ್ತಿದ್ದೇನೆ ಎನ್ನುವಂತೆ ಹೇಳಿದಳು.

ರತ್ನವ್ವ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೋಳಿಗೆ ಮಾಡಿ ಹಂಚಿದ ಚಲೋ ಸುದ್ದಿಯನ್ನು ಈ ಹುಡುಗಿ ಒಂದು ದಿನವೂ ನಂಬಿರಲಿಲ್ಲ. ಸುಳ್ಳನ್ನು ಕಾಪಾಡಿ ಕಾಪಾಡಿ ತಾನು ಯಾರನ್ನು ಕಾಪಾಡಿದಂತಾಯಿತು? ಡಾಕ್ಟರು ಬೈದರೆ ಬೈಯಲಿ. ಮಂದಿ ನೋಡಿದರೆ ನೋಡಲಿ. ಬೈಸಿಕೊಂಡವರು ಸಾಯುವುದಿಲ್ಲ, ಅಂದು ಬೈಸಿಕೊಂಡ ತಾನೇ ಸತ್ತಿರಲಿಲ್ಲ.

ಶಿವರಾತ್ರಿಯ ಮುಂದೆ ಮಹಾನಂದಾಳನ್ನು ಕರೆದುಕೊಂಡು ಬಾಗಲಕೋಟೆಗೆ ಹೊರಟಾಗ ರತ್ನವ್ವ ತಾನೂ ಬರುತ್ತೇನೆ, ಶ್ರುತಿಯೂ ಬರಲಿ ಎಂದಳು. ಶಿವಪುತ್ರ ಬಸ್ ನಿಲ್ದಾಣದವರೆಗೆ ಬಂದು ಬುತ್ತಿಯ ಗಂಟು ಕೊಟ್ಟು, "ಯವ್ವಾ, ಏನ ಹೇಳತಿ ಅಲ್ಲಿ?" ಎಂದ. "ನೀ ಹೇಳಬೇಕಾಗಿತ್ತು" ಎಂದು ಆಕೆ ಬಸ್ಸು ಹತ್ತಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಬೇರೆಯವರ ಹತ್ತಿರ ಮಾತಾಡುತ್ತಿದ್ದಳು. ವಾರ್ಡು ತುಂಬ ಜನ. ರತ್ನವ್ವ ಅವರ ನಡುವೆಯೇ ಹೋಗಿ ನಿಂತಳು.

"ಬಾಯಾರ, ನಾ ಸುಳ್ಳು ಹೇಳಿದ್ನಿರಿ."

"ಏನಮ್ಮ?"

"ಇಕಿ ಹೊರಗಿನಾಕಿ ಅಲ್ರಿ. ನನ್ನ ಮಗಳ ಮಗಳು. ನನ್ನ ಮಗಗ ನಾನ ತಂದೇನಿ. ಇಕಿ ತಾಯಿ ಹೋದ್ಲಂತ ಅಂದಿದ್ನೆಲ್ರಿ, ಮಂದಿ ಹೇಳಿದ್ದಲ್ಲ ಅದು. ನನ್ನ ತೊಡಿ ಮ್ಯಾಲ ಜೀವಾ ಬಿಟ್ಟಾಳ." ಅಷ್ಟು ಹೇಳಿ ನೆಲ ನೋಡಿದಳು. "ಈಗ ಬೈರಿ."

ಅಕ್ಕಪಕ್ಕದ ಮಂಚದವರು ತಿರುಗಿ ನೋಡಿದರು. ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿ ಎಳೆದು ಆಕೆಯನ್ನು ಕೂರಿಸಿದಳು. "ಆ ಮಗಳ ಹೆಸರೇನಮ್ಮ?"

"ಗುರುಲಿಂಗವ್ವ."

"ಹಾಗಾದರೆ ನಾವು ಹೇಳಿದ್ದು ನಿಲ್ಲೋದಿಲ್ಲ" ಎಂದಳು ಡಾಕ್ಟರಮ್ಮ, ಶ್ರುತಿಯ ಕಡೆ ನೋಡಿ. "ಗಂಡ ಹೆಂಡತಿ ಇಬ್ಬರಿಗೂ ಒಂದೇ ಮನೆಯಿಂದ ಬಂದಿದ್ದರೆ ಅದು ರೋಗದ ಗುರುತೇ ಇರಬಹುದು. ಗಂಡಸರಲ್ಲಿ ಅದು ಕಾಯಿಲೆ ಮಾಡದೆ ಸುಮ್ಮನೆ ಇರಬಹುದು. ಮತ್ತೆ ಮೊದಲಿಂದ ನೋಡಬೇಕು. ನಿನ್ನ ರಕ್ತವೂ ಬೇಕು, ನಿಮ್ಮ ಅಜ್ಜಿದೂ ಬೇಕು."

"ತಗೊಳ್ರಿ" ಎಂದು ಶ್ರುತಿ ತೋಳು ಚಾಚಿದಳು. ರತ್ನವ್ವನ ನರ ಸಿಗಲು ಹೊತ್ತಾಯಿತು. ಎರಡು ಕಡೆ ಚುಚ್ಚಿದರು. ಮಹಾನಂದಾ ಮಂಚದ ಮೇಲೆ ಈ ಕಡೆಗೆ ಮುಖ ಮಾಡಿ ಮಲಗಿ ಎಲ್ಲವನ್ನೂ ನೋಡುತ್ತಿದ್ದಳು. ಈ ಸಲ ಕಣ್ಣು ಮುಚ್ಚಿರಲಿಲ್ಲ.

ಹೊತ್ತು ಇಳಿಯುವಾಗ ಬಸ್ಸು ಸಿಕ್ಕಿತು. ಮೂವರ ಸೀಟಿನಲ್ಲಿ ರತ್ನವ್ವ ನಡುವೆ ಕೂತಳು, ಕಿಟಕಿಯ ಬದಿಗೆ ಮಹಾನಂದಾ, ಈಚೆಗೆ ಶ್ರುತಿ. ಮೂವರ ತೋಳಿಗೂ ಹತ್ತಿಯ ಉಂಡೆ. ಎದುರಿನ ಸೀಟಿನ ಹೆಂಗಸು ಮಹಾನಂದಾಳ ತಲೆ ನೋಡಿ ಲೊಚಗುಟ್ಟಿದಳು.

"ಸೊಸಿ ಏನವ್ವಾ?"

"ಮೊಮ್ಮಗಳು" ಎಂದಳು ರತ್ನವ್ವ.

"ಈಕಿ?"

"ಈಕಿನೂ ಮೊಮ್ಮಗಳು."

ಹೆಂಗಸಿಗೆ ಲೆಕ್ಕ ಹತ್ತಲಿಲ್ಲ, ಆಕೆ ಆಚೆ ತಿರುಗಿದಳು. ಅಮೀನಗಡ ದಾಟಿದ ಮೇಲೆ ಮಹಾನಂದಾ ತಲೆಯನ್ನು ಮುದುಕಿಯ ಹೆಗಲಿಗೆ ಆನಿಸಿದಳು. "ಆಯಿ, ಕಿಡಕಿ ಹಾಕು. ಥಂಡಿ ಬರಾಕತ್ತೈತಿ" ಎಂದಳು. ರತ್ನವ್ವ ಆಕೆಯ ಮೇಲಿಂದ ಕೈ ಚಾಚಿ ಕಿಟಕಿ ಎಳೆದಳು. ಅದು ಪೂರ್ತಿ ಮುಚ್ಚಲಿಲ್ಲ. ಸೆರಗನ್ನು ಆ ಸಂದಿಗೆ ಒತ್ತಿ ಹಿಡಿದಳು.

"ಆಯಿ" ಎಂದಳು ಈಚೆಯಿಂದ ಶ್ರುತಿ. "ನಂದು ಯಾವಾಗ ಗೊತ್ತಾಗ್ತೈತಂತ?"

"ಮಳಿಗಾಲಕ್ಕ ಅಂದಾರ."

"ಅಲ್ಲೀತನಕ?"

ಬಸ್ಸು ಹುನಗುಂದದ ಏರಿನಲ್ಲಿ ಗೇರು ಬದಲಿಸಿತು. ರತ್ನವ್ವ ಸಂದಿಗೆ ಒತ್ತಿದ ಸೆರಗನ್ನು ಬಿಡದೆ ಶ್ರುತಿಯ ಕಡೆ ತಿರುಗಿದಳು.

"ಅಲ್ಲೀತನಕ ಬಚ್ಚಲದಾಗ ಗಡಿಬಿಡಿ ಮಾಡಬ್ಯಾಡ" ಎಂದಳು. "ಸಾವಕಾಶ ನೋಡ್ಕೊ. ನೀರು ನಾ ಕಾಸ್ತೇನಿ."